ರೊಟ್ಟಿ ತಡೆದರು, ಚಟ್ನಿ ಬಿಟ್ಟರು

ಹಡಗಿನಲ್ಲಿ ಐದು ದಿನ ಇರೋದು ಅಂತ ಮಗಳು ಫೋನಿನಲ್ಲಿ ಹೇಳಿದಾಗ ಅವ್ವ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ಕುಂದ್ರಿಸಿ ಉಣ್ಣಾಕ ಹಾಕ್ತಾರೇನು, ನಿಂದ್ರಿಸಿ ಹಾಕ್ತಾರೇನು?"

ನಕ್ಕು ಸುಮ್ಮನಾದೆ. ನಕ್ಕದ್ದು ತಪ್ಪಾಯಿತು ಅಂತ ಗೊತ್ತಾದದ್ದು ಹಡಗು ಹತ್ತಿದ ಮೇಲೆ. ಹಡಗಿನ ಊಟದ ಬಗ್ಗೆ ಅದಕ್ಕಿಂತ ಜಾಣ ಪ್ರಶ್ನೆ ಇಲ್ಲ.

ನಮ್ಮದು ಸಿಂಧನೂರು. ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತ ಇಪ್ಪತ್ತಾರು ವರ್ಷ ಆಯಿತು. ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಮೊದಲ ಬೋನಸ್ಸಿನಲ್ಲಿ ನಾಲ್ಕು ಟಿಕೆಟ್ ತೆಗೆದಳು: ನಾನು, ನನ್ನ ಹೆಂಡತಿ, ಅವ್ವ, ಅವಳು. ಮುಂಬೈಯಿಂದ ಲಕ್ಷದ್ವೀಪಕ್ಕೆ, ಅಲ್ಲಿಂದ ಮತ್ತೆ ಮುಂಬೈಗೆ, ನಾಲ್ಕು ರಾತ್ರಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರ ಮಳೆಗಾಲದಲ್ಲಿ ಕೆರಳಿರುತ್ತದೆ, ಅದಕ್ಕೇ ಜನವರಿ ಹಿಡಿದೆವು. ಸಂಕ್ರಾಂತಿ ಮುಗಿದಿತ್ತು.

ಸಂಕ್ರಾಂತಿ ಮುಗಿದಿತ್ತು ಅಂದರೆ ಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಒಟ್ಟಿತ್ತು ಅಂತ ಅರ್ಥ. ಅವ್ವ ಇಪ್ಪತ್ತೆರಡು ಕಟಿ ರೊಟ್ಟಿ, ಅಂದರೆ ಒಣಗಿಸಿ ಗಟ್ಟಿ ಮಾಡಿದ್ದು, ಎಣಿಸಿ, ನಮ್ಮಪ್ಪನ ಹಳೇ ಧೋತರದಲ್ಲಿ ಗಂಟು ಕಟ್ಟಿದಳು. ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಚಟ್ನಿ, ಇನ್ನೊಂದರಲ್ಲಿ ಗುರೆಳ್ಳು ಪುಡಿ. "ಅಜ್ಜೀ, ಹೊರಗಿನ ಊಟ ತರಬಾರದು ಅಂತ ಟಿಕೆಟ್‌ನಾಗ ಬರದಾರ" ಅಂತ ಮಗಳು ಎಷ್ಟು ಹೇಳಿದರೂ ಅವ್ವನದು ಒಂದೇ ಉತ್ತರ: "ಹೊರಗಿಂದು ಬ್ಯಾಡ ಅಂದಾರ. ಇದು ಮನೀದು."

ಸಿಂಧನೂರಿನಿಂದ ಮಾನ್ವಿ ಮೇಲೆ ರಾಯಚೂರಿಗೆ ಬಸ್ಸಿನಲ್ಲಿ 85 ಕಿ.ಮೀ. ಹತ್ತಿರ. ಬೆಳಗಿನ ಜಾವ ರಾಯಚೂರಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ರಾತ್ರಿ ಮುಂಬೈ ಸಿಎಸ್‌ಎಂಟಿಯಲ್ಲಿ ಇಳಿದೆವು. ಹತ್ತಿರದ ಲಾಡ್ಜಿನಲ್ಲಿ ಮಲಗಿದೆವು. ದಾರಿಯ ಬಗ್ಗೆ ಇಷ್ಟು ಸಾಕು.

ಮೊದಲನೇ ದಿನ

ಹಡಗು ಹತ್ತುವುದು ಬಲಾರ್ಡ್ ಪಿಯರ್‌ನಲ್ಲಿ, ಸಿಎಸ್‌ಎಂಟಿಯಿಂದ ಟ್ಯಾಕ್ಸಿಯಲ್ಲಿ ಹತ್ತು ನಿಮಿಷ. ವಿಮಾನ ನಿಲ್ದಾಣದ ಹಾಗೆಯೇ ತಪಾಸಣೆ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ತಂದವರೆಲ್ಲ ಒಂದು ಮೇಜಿನ ಮುಂದೆ ಸಾಲು ನಿಂತಿದ್ದರು. ಹಡಗಿನಲ್ಲಿ ಬೆಂಕಿಯ ಭಯ ಎಲ್ಲಕ್ಕಿಂತ ದೊಡ್ಡದು, ಕಾಯುವ ಸಾಮಾನು ಯಾವುದನ್ನೂ ಕೋಣೆಗೆ ಬಿಡುವುದಿಲ್ಲ. ಆ ಸಾಲಿಗೆ ನಮ್ಮ ಅವ್ವನ ಧೋತರದ ಗಂಟೂ ಸೇರಿತು.

ತಪಾಸಣೆಯ ಹುಡುಗ ಗಂಟು ಬಿಚ್ಚಿ ಒಂದು ರೊಟ್ಟಿ ಎತ್ತಿ ಬೆರಳಿನಿಂದ ಬಡಿದ. ಹಪ್ಪಳ ಅಂತ ತಿಳಿದನೋ ಏನೋ. ಮಾಡಿದ ಅಡುಗೆ ಒಳಗೆ ಬಿಡಲ್ಲ, ಇಳಿಯುವ ದಿನ ವಾಪಸ್ ಕೊಡ್ತೇವೆ ಅಂತ ಹಿಂದಿಯಲ್ಲಿ ಹೇಳಿ, ಗಂಟಿಗೆ ಒಂದು ನಂಬರಿನ ಚೀಟಿ ಕಟ್ಟಿ, ಇನ್ನೊಂದು ಚೀಟಿ ನನ್ನ ಕೈಗೆ ಕೊಟ್ಟ. ಅವ್ವ ಅವನ ಮುಖವನ್ನೇ ನೋಡುತ್ತ ನಿಂತಳು. ಅಷ್ಟರಲ್ಲಿ ಇನ್ನೊಬ್ಬ ಅವಳ ಕೈಚೀಲದ ಡಬ್ಬಿ ತೆಗೆದು ಮೂಸಿ ನೋಡಿದ. ಗುರೆಳ್ಳು ಪುಡಿಯ ಘಾಟಿಗೆ ಎರಡು ಸಲ ಸೀನಿ, ಮುಚ್ಚಳ ಹಾಕಿ, ಮಾತಿಲ್ಲದೆ ವಾಪಸ್ ಕೊಟ್ಟ. ಹೀಗೆ ನಮ್ಮ ಚಟ್ನಿ ಹಡಗು ಹತ್ತಿತು, ರೊಟ್ಟಿ ದಂಡೆಯಲ್ಲಿ ಉಳಿಯಿತು.

ಹತ್ತಿದ ದಿನದ ಮಧ್ಯಾಹ್ನದ ಊಟವೇ ಇಡೀ ಪ್ರವಾಸದ ಕೆಟ್ಟ ಊಟ. ಅಡುಗೆ ಕೆಟ್ಟದ್ದಲ್ಲ. ದೊಡ್ಡ ಬ್ಯಾಗುಗಳು ಕೋಣೆಗೆ ಬರುವುದು ಸಂಜೆಗೆ, ಕೋಣೆ ತಯಾರಾಗುವುದೂ ತಡ. ಹಾಗಾಗಿ ಸಾವಿರಕ್ಕೂ ಮಿಕ್ಕಿ ಜನ ಕೈಚೀಲ, ಕೂಸು, ಟೋಪಿ ಸಮೇತ ನೇರ ಬಫೆಗೇ ನುಗ್ಗುತ್ತಾರೆ. ನಾವೂ ನುಗ್ಗಿದೆವು. ಕೇಳಿದ್ದರೆ ಗೊತ್ತಾಗುತ್ತಿತ್ತು, ಕೆಳಗಿನ ಅಂತಸ್ತಿನ ಊಟದ ಹಾಲ್ ಕೂಡ ಅದೇ ಹೊತ್ತಿಗೆ ತೆರೆದಿತ್ತು, ಅರ್ಧ ಖಾಲಿ. ಹತ್ತಿದ ಕೂಡಲೇ ಸಿಕ್ಕ ಮೊದಲ ಸಿಬ್ಬಂದಿಯನ್ನು ಕೇಳಿ: ಈಗ ಬಫೆ ಬಿಟ್ಟು ಇನ್ನೆಲ್ಲಿ ಊಟ ಸಿಗುತ್ತದೆ?

ಬಾಗಿಲಲ್ಲಿ ಒಬ್ಬ ಹುಡುಗಿ ಎಲ್ಲರ ಕೈಗೂ ಸ್ಯಾನಿಟೈಸರ್ ಹಾಕುತ್ತಿದ್ದಳು. ಅದೊಂದೇ ಸಾಲದು, ಸೋಪು ಹಚ್ಚಿ ತೊಳೆಯಿರಿ. ಹಡಗಿನಲ್ಲಿ ಒಬ್ಬರಿಂದೊಬ್ಬರಿಗೆ ಹಬ್ಬುವ ವಾಂತಿಭೇದಿಗೆ ಹೆಚ್ಚಾಗಿ ಕಾರಣವಾಗುವ ನೊರೋವೈರಸ್ ಸ್ಯಾನಿಟೈಸರಿಗೆ ಸುಲಭವಾಗಿ ಸಾಯುವುದಿಲ್ಲ. ಸಾವಿರ ಜನ ಮುಟ್ಟಿದ ಸೌಟನ್ನೇ ನಾವೂ ಮುಟ್ಟುವವರು.

ಅವ್ವ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಲು ಒಪ್ಪಲಿಲ್ಲ. ನಮ್ಮ ಕಡೆ ಮದುವೆಗಳಲ್ಲೂ ಈಗ ಬಫೆ ಬಂದಿದೆ. ಅಂಥ ಮದುವೆಗೆ ಹೋದರೆ ಅವಳು ಅಕ್ಷತೆ ಹಾಕಿ ಮನೆಗೆ ಬಂದು ಮಜ್ಜಿಗೆ ಅನ್ನ ಉಣ್ಣುತ್ತಾಳೆ. ಇಲ್ಲಿ ಹಾಗೆ ಮನೆಗೆ ಹೋಗಿ ಉಣ್ಣುವಂತಿಲ್ಲ. ಅವಳನ್ನು ಕಿಟಕಿ ಪಕ್ಕ ಕೂಡಿಸಿ ನಾನೇ ತಟ್ಟೆ ತಂದೆ. ತಂದದ್ದು ನೋಡಿ ನನಗೇ ನಾಚಿಕೆಯಾಯಿತು: ನೂಡಲ್ಸ್ ಪಕ್ಕ ಗುಲಾಬ್ ಜಾಮೂನು, ಅದರ ಪಾಕ ಹರಿದು ದಾಲ್‌ಗೆ ಸೇರಿತ್ತು. ಉಪವಾಸ ಬಿದ್ದವನ ಹಾಗೆ ತುಂಬಿಕೊಂಡಿದ್ದೆ.

"ಸಂತ್ಯಾಗ ಎತ್ತು ಕಳಕಂಡಂಗ ತಿರಗ್ಯಾಡ್ತಾರ ನೋಡು ಎಲ್ಲರೂ" ಅಂದಳು ಅವ್ವ. ಹೌದು, ಹಾಗೇ ಇತ್ತು. ಎರಡನೇ ಸಲದಿಂದ ನಾವೊಂದು ಪದ್ಧತಿ ಮಾಡಿಕೊಂಡೆವು. ಮೊದಲು ಬರಿಗೈಯಲ್ಲಿ ಒಂದು ಸುತ್ತು, ಆಮೇಲೆ ತಟ್ಟೆ. ಮುಚ್ಚಿಟ್ಟ ಹತ್ತು ಪಾತ್ರೆಗಿಂತ ಕಣ್ಣೆದುರು ಮಾಡಿಕೊಡುವ ಒಂದು ಒಲೆ ಮೇಲು.

ನಾಲ್ಕು ಗಂಟೆಗೆ ಸುರಕ್ಷತೆಯ ಕವಾಯತು. ಲೈಫ್ ಜಾಕೆಟ್ ತೊಡುವುದು, ಯಾವ ದೋಣಿಗೆ ಹೋಗಬೇಕು ಅನ್ನುವುದು. ಇದಕ್ಕೆ ಎಲ್ಲರೂ ಹೋಗಲೇಬೇಕು. ಹಡಗು ಬಿಟ್ಟ ಮೇಲೆ ಕೆಳಗಿನ ಊಟದ ಹಾಲಿಗೆ ಇಳಿದೆವು, ಮತ್ತು ಅಲ್ಲಿ ಅವ್ವನ ಪ್ರಶ್ನೆಗೆ ಉತ್ತರ ಸಿಕ್ಕಿತು. ಕುಂದ್ರಿಸಿಯೇ ಹಾಕುತ್ತಾರೆ.

ಬಿಳಿ ಬಟ್ಟೆ ಹಾಸಿದ ಮೇಜು, ನೀರು ತುಂಬಿದ ಲೋಟ, ಬಡಿಸುವವನು. ರಾತ್ರಿಯ ಊಟ ಎರಡು ಪಂಕ್ತಿ, ಒಂದು ಬೇಗ, ಒಂದು ತಡ. ಇದಕ್ಕೂ ಬೇರೆ ದುಡ್ಡಿಲ್ಲ, ಟಿಕೆಟ್ಟಿನಲ್ಲೇ ಸೇರಿದೆ. ಅಷ್ಟಾದರೂ ಮುಕ್ಕಾಲು ಜನ ಮೇಲೆ ಬಫೆಯಲ್ಲೇ ನೂಕಾಡುತ್ತಾರೆ. ಕಾರಣ ಸರಳ. ಕೆಳಗಿನ ಹಾಲ್ ನೋಡಿದರೆ ಇದು ನಮ್ಮಂಥವರಿಗಲ್ಲ ಅನ್ನಿಸುತ್ತದೆ, ಮೆನು ಇಂಗ್ಲಿಷಿನಲ್ಲಿರುತ್ತದೆ, ಮೂರು ಥರದ ಚಮಚ ಇಟ್ಟಿರುತ್ತಾರೆ. ನನಗೂ ಹಾಗೇ ಅನ್ನಿಸಿತ್ತು, ಮಗಳು ಕೈ ಹಿಡಿದು ಎಳೆದುಕೊಂಡು ಹೋದಳು.

ಬೇಗನೆಯ ಪಂಕ್ತಿ ತೆಗೆದುಕೊಂಡೆವು. ಅಲ್ಲಿನ ಮೇಲ್ವಿಚಾರಕರಿಗೆ, ನಾಲ್ಕೂ ರಾತ್ರಿ ಇದೇ ಮೇಜು, ಇದೇ ಬಡಿಸುವವರು ಇರಲಿ ಅಂತ ಕೇಳಿಕೊಂಡೆವು. ಕೇಳಿದ್ದಕ್ಕೆ ಸಿಕ್ಕಿತು.

ಬಡಿಸುವ ಹುಡುಗನಿಗೆ ಮೂವತ್ತರೊಳಗಿನ ವಯಸ್ಸು. ಬಂದವನೇ ಅವ್ವನ ಮಡಿಲಿಗೆ ಕರವಸ್ತ್ರ ಹಾಸಲು ಬಗ್ಗಿದ. ಅವ್ವ ಗಾಬರಿಯಾಗಿ ಕುರ್ಚಿ ಸಮೇತ ಹಿಂದೆ ಸರಿದಳು. "ಯಾಕಪಾ, ನಾನೇನು ಕೂಸಾ?" ಅವನಿಗೆ ಕನ್ನಡ ಬರದು, ಆದರೆ ಮಾತು ತಿಳಿಯಿತು. ವಸ್ತ್ರವನ್ನು ಅವಳ ಕೈಗೇ ಕೊಟ್ಟ. ಸೂಪು ಬಂತು, ಪನ್ನೀರು ಬಂತು, ಬೇಯಿಸಿದ ತರಕಾರಿ ಬಂತು. ಅವ್ವ ಎಲ್ಲ ನೋಡಿ, "ಅನ್ನ ಮಸರು ಐತೇನು ಕೇಳು" ಅಂದಳು. ಮೆನುವಿನಲ್ಲಿ ಇರಲಿಲ್ಲ. ಕೇಳಿದೆ. ಐದು ನಿಮಿಷಕ್ಕೆ ಬಟ್ಟಲು ಅನ್ನ, ಬಟ್ಟಲು ಮೊಸರು ಬಂತು. ಕೈಚೀಲದಿಂದ ಶೇಂಗಾ ಚಟ್ನಿಯ ಡಬ್ಬಿಯೂ ಹೊರಬಂತು. ಅವ್ವ ಕೈಯಿಂದ ಕಲಿಸಿ ಉಂಡಳು, ಮೂರು ಥರದ ಚಮಚ ಇದ್ದಲ್ಲೇ ಇದ್ದವು.

ಎರಡನೇ ದಿನ

ಇಡೀ ದಿನ ನೀರು. ಮುಂಬೈಯಿಂದ ಲಕ್ಷದ್ವೀಪ ಸುಮಾರು 900 ಕಿ.ಮೀ. ದಂಡೆ ಕಾಣದು, ಇನ್ನೊಂದು ಹಡಗೂ ಅಪರೂಪ.

ಬೆಳಿಗ್ಗೆ ಹಡಗು ಸ್ವಲ್ಪ ಓಲಾಡಿತು, ನನ್ನ ಹೆಂಡತಿಗೆ ಹೊಟ್ಟೆ ತೊಳಸಿತು. ಇಂಥ ಹೊತ್ತಿನಲ್ಲಿ ನಮ್ಮವರು ಮಾಡುವ ತಪ್ಪು ಉಪವಾಸ. ಖಾಲಿ ಹೊಟ್ಟೆ ಇನ್ನೂ ಜಾಸ್ತಿ ತೊಳಸುತ್ತದೆ. ಒಣ ಬಿಸ್ಕತ್ತು, ಒಂದು ಸೇಬು, ಚೂರು ಹಸಿ ಶುಂಠಿ, ಮೇಲಿನ ಅಂತಸ್ತು ಬಿಟ್ಟು ಹಡಗಿನ ನಡುಭಾಗದಲ್ಲಿ ಕೆಳಗಡೆ ಕೂತು ದೂರದ ನೀರಿನ ಗೆರೆ ನೋಡುವುದು. ಇಷ್ಟು ಮಾಡಿದ್ದಕ್ಕೆ ಹನ್ನೊಂದರ ಹೊತ್ತಿಗೆ ಎದ್ದು, "ರೀ, ದೋಸಿ ಇನ್ನಾ ಹಾಕ್ತಿರಬೌದೇನು?" ಅಂದಳು.

ದೋಸೆಯ ಒಲೆಯ ಬಗ್ಗೆ ಹೇಳಬೇಕು. ಬಫೆಯ ಇಡ್ಲಿ ಮುಚ್ಚಿದ ಪಾತ್ರೆಯಲ್ಲಿ ಕಾದು ಕಾದು ಅಂಚು ಗಟ್ಟಿಯಾಗಿತ್ತು, ಅದನ್ನು ಮುಟ್ಟಬೇಡಿ. ಮೂಲೆಯಲ್ಲಿ ಒಬ್ಬ ದೋಸೆ ಹಾಕುತ್ತಿದ್ದ. ಬಾಗಿಲು ತೆಗೆದ ಮೊದಲ ಕಾಲು ಗಂಟೆಯಲ್ಲಿ ಹೋದರೆ ಇಬ್ಬರು ನಿಂತಿರುತ್ತಾರೆ, ಅರ್ಧ ಗಂಟೆ ಬಿಟ್ಟು ಹೋದರೆ ನಲವತ್ತು. ಹೋಗಿ ನಿಂತು "ತೆಳ್ಳಗ, ಕಡಕ್" ಅಂತ ಕೈಸನ್ನೆ ಮಾಡಿದರೆ ಹಾಗೇ ಹಾಕಿಕೊಡುತ್ತಾನೆ.

ಆದರೆ ನನ್ನ ನೆಚ್ಚಿನ ತಿಂಡಿ ದೋಸೆಯಲ್ಲ. ಅದು ಸಿಕ್ಕದ್ದು ಬೆಳಿಗ್ಗೆ ಆರಕ್ಕೆ. ಅವ್ವ ಎಲ್ಲಿದ್ದರೂ ಐದಕ್ಕೆ ಏಳುವವಳು. ಹಡಗಿನಲ್ಲಿ ಕಸ ಗುಡಿಸಲು ಅಂಗಳ ಇಲ್ಲ, ಹಾಲು ಹಾಕುವವನು ಬರುವುದಿಲ್ಲ. ನನ್ನನ್ನು ಎಬ್ಬಿಸಿ ಮೇಲಕ್ಕೆ ಕರೆದುಕೊಂಡು ಹೋದಳು. ಹೊರಗಿನ ಡೆಕ್ಕಿನ ಚಹಾದ ಕಟ್ಟೆಯಲ್ಲಿ ಆಗಷ್ಟೇ ಬಂದ ಬನ್ನಿನ ಬುಟ್ಟಿ. ಹಡಗಿನ ಬ್ರೆಡ್ಡಿನ ಭಟ್ಟಿ ರಾತ್ರಿಯೆಲ್ಲ ನಡೆಯುತ್ತದೆ, ಬೆಳಗಿನ ಮೊದಲ ಬುಟ್ಟಿ ಮುಟ್ಟಿದರೆ ಕೈ ಸುಡುತ್ತದೆ. ಬನ್ ಮುರಿದೆ, ಹಬೆ ಬಂತು, ಬೆಣ್ಣೆ ಹಚ್ಚಿದೆ. ಅವ್ವ ಡಬ್ಬಿ ತೆಗೆದು ಬೆಣ್ಣೆಯ ಮೇಲೆ ಶೇಂಗಾ ಚಟ್ನಿ ಉದುರಿಸಿದಳು. ಬೆಣ್ಣೆ ಕರಗಿ ಚಟ್ನಿಯನ್ನು ಕುಡಿದು ಕೆಂಪಗಾಯಿತು. ಪೂರ್ವಕ್ಕೆ ಕೆಂಪು ಹತ್ತುತ್ತಿತ್ತು, ಕೈಯಲ್ಲಿ ಚಹಾ. ತಲಾ ಮೂರು ಬನ್ ತಿಂದೆವು. ಎಂಟಕ್ಕೆ ಅದೇ ಬನ್ ಬಫೆಯಲ್ಲಿ ನೋಡಿದೆ, ತಣ್ಣಗೆ, ರಬ್ಬರಿನ ಹಾಗೆ.

ಮಧ್ಯಾಹ್ನ ಅನ್ನದ ಪರೀಕ್ಷೆ. ಗಿರಣಿಯವನಿಗೆ ಬೇರೇನು ಕೆಲಸ? ನಾಲ್ಕು ಅಗುಳು ಅಂಗೈಯಲ್ಲಿಟ್ಟು ನೋಡಿದೆ. ಉದ್ದ, ತುಸು ಹಳದಿ, ಒತ್ತಿದರೆ ಅಂಟದೆ ಜಾರುತ್ತದೆ. ಸೇಲಾ ಬಾಸುಮತಿ, ಅಂದರೆ ಭತ್ತವನ್ನೇ ಕುದಿಸಿ ಒಣಗಿಸಿ ಆಮೇಲೆ ಗಿರಣಿಗೆ ಹಾಕಿದ್ದು. ದೊಡ್ಡ ಅಡುಗೆಯವರು ಇದನ್ನೇ ಇಷ್ಟಪಡುತ್ತಾರೆ. ಬಿಸಿಪಾತ್ರೆಯಲ್ಲಿ ಎರಡು ಮೂರು ತಾಸು ಇಟ್ಟರೂ ಮುದ್ದೆಯಾಗದು. ನಮ್ಮ ತುಂಗಭದ್ರಾ ಎಡದಂಡೆಯಲ್ಲಿ ಬೆಳೆಯುವ, ಅಂಗಡಿಯಲ್ಲಿ ಸೋನಾ ಮಸೂರಿ ಅಂತ ಕರೆಯುವ ಬಿಪಿಟಿ 5204 ಅಷ್ಟು ಹೊತ್ತು ಇಟ್ಟರೆ ಹೆಪ್ಪುಗಟ್ಟುತ್ತದೆ. ಆದರೆ ಸಾರು ಮೊಸರು ಹೀರುವುದರಲ್ಲಿ ನಮ್ಮ ಅಕ್ಕಿಯೇ ಮೇಲು. ಸೇಲಾ ಅನ್ನಕ್ಕೆ ಮೊಸರು ಹಾಕಿದರೆ ಅನ್ನ ಒಂದು ಕಡೆ, ಮೊಸರು ಒಂದು ಕಡೆ. ಅದಕ್ಕೇ ಅವ್ವ ಹಿಂದಿನ ರಾತ್ರಿ ಅಷ್ಟು ಹೊತ್ತು ಹಿಸುಕಿದ್ದಳು.

ರಾತ್ರಿ ಬಡಿಸುವ ಹುಡುಗನಿಗೆ ಇದನ್ನೇ ಹಿಂದಿಯಲ್ಲಿ ಹೇಳಿದೆ. ಅವನು ನಕ್ಕು, ನಮ್ಮೂರಲ್ಲೂ ಹಾಗೇ ಸಾರ್, ಬಂಗಾಳದವನು ಅಂದ. ದಕ್ಷಿಣ 24 ಪರಗಣ ಜಿಲ್ಲೆ.

ಇದು ಓದುವ ಬೇರೆ ಊರಿನವರಿಗೆ ಗೊತ್ತಿರಲಿಕ್ಕಿಲ್ಲ: ಸಿಂಧನೂರು ತಾಲೂಕಿನಲ್ಲಿ ಬಂಗಾಳಿ ಕ್ಯಾಂಪುಗಳಿವೆ. ಅಂದಿನ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದವರಿಗೆ ಸರ್ಕಾರ ಇಲ್ಲಿ ಜಮೀನು ಕೊಟ್ಟು ಊರು ಕಟ್ಟಿಸಿತು. ಆರ್.ಎಚ್. ಕ್ಯಾಂಪ್ ಅಂತ ನಂಬರಿನ ಮೇಲೆ ಕರೆಯುತ್ತೇವೆ. ಅವರ ಭತ್ತ ನಮ್ಮ ಗಿರಣಿಗೇ ಬರುತ್ತದೆ. ಇಪ್ಪತ್ತಾರು ವರ್ಷ ತೂಕದ ಕಾಟಾದ ಪಕ್ಕ ಕೂತವನಿಗೆ ನಾಲ್ಕು ಮಾತು ಬಾಯಿಗೆ ಬರುವುದು ಸಹಜ.

"ಭಾತ್ ಖೇಯೇಛೇನ್?" ಅಂದೆ. ಅನ್ನ ಉಂಡ್ರಾ ಅಂತ.

ಅವನ ಕೈಯಲ್ಲಿ ನಾಲ್ಕು ತಟ್ಟೆ ಇದ್ದವು. ಹಾಗೇ ನಿಂತ. "ಏಖೋನೋ ನಾ" ಅಂದ, ಇನ್ನೂ ಇಲ್ಲ. ಆಮೇಲೆ ನಿಧಾನಕ್ಕೆ, ಎರಡೂ ಪಂಕ್ತಿ ಮುಗಿದ ಮೇಲೆ ನಮ್ಮದು, ಸಿಬ್ಬಂದಿಗೆ ಬೇರೆ ಅಡುಗೆ, ಅಲ್ಲಿ ಮೀನು ಸಾರು ಅನ್ನ ಸಿಗುತ್ತದೆ ಅಂದ. ಅವ್ವನಿಗೆ ನಾನು ಕನ್ನಡದಲ್ಲಿ ಹೇಳಿದೆ. "ಉಣ್ಣದವನ ಕೈಲಿ ನಾವು ನೀಡಿಸ್ಕಂಡು ಉಣ್ಣಾಕತ್ತೀವಿ" ಅಂತ ಅವಳು ಬಟ್ಟಲು ಸ್ವಲ್ಪ ದೂರ ಸರಿಸಿದಳು. ಅವನು ಏನಾಯಿತು ಅಂತ ಕೇಳಿದ, ನಾನು ಹೇಳಲಿಲ್ಲ.

ಅವನಿಂದಲೇ ತಿಳಿದದ್ದು ಎರಡು ಸಂಗತಿ. ಹಡಗಿನ ಅಡುಗೆಮನೆಯಲ್ಲಿ ಉರಿ ಇಲ್ಲ, ಗ್ಯಾಸಿನ ಒಲೆಯೇ ಇಲ್ಲ, ಎಲ್ಲ ಕರೆಂಟಿನದು. ಸಮುದ್ರದ ನಡುವೆ ಬೆಂಕಿ ಹತ್ತಿದರೆ ಓಡಲು ಜಾಗವಿಲ್ಲವಲ್ಲ. ಇನ್ನೊಂದು, ಅನ್ನ ಬೇಯುವ ನೀರು ಸಮುದ್ರದ್ದೇ. ಉಪ್ಪುನೀರನ್ನು ಆವಿ ಮಾಡಿ ತಣಿಸಿಯೋ, ತೆಳು ಪೊರೆಯ ಮೂಲಕ ಒತ್ತಿ ಸೋಸಿಯೋ ಹಡಗಿನಲ್ಲೇ ಸಿಹಿನೀರು ಮಾಡಿಕೊಳ್ಳುತ್ತಾರೆ. ನೀರಿನ ಸುದ್ದಿ ಅವ್ವನಿಗೆ ಹಿಡಿಸಲಿಲ್ಲ, ಬೆಂಕಿಯದು ಹಿಡಿಸಿತು. "ಅದಕ್ಕ ಪುಲ್ಕಾ ಹೊಟ್ಟಿ ಉಬ್ಬಿಲ್ಲ. ಕೆಂಡ ಕಾಣದ ರೊಟ್ಟಿ ಹೆಂಗ ಉಬ್ಬತೈತಿ?"

ಮೂರನೇ ದಿನ

ಬೆಳಿಗ್ಗೆ ಅಗತ್ತಿ ದ್ವೀಪ. ದೊಡ್ಡ ಹಡಗು ದೂರದಲ್ಲೇ ನಿಂತಿತು. ಹವಳದ ದಂಡೆಯ ಒಳಗಿನ ನೀರಿಗೆ ಆಳ ಇಲ್ಲ, ಅಲ್ಲಿಗೆ ಸಣ್ಣ ದೋಣಿಯಲ್ಲೇ ಹೋಗಬೇಕು. ಹಡಗಿನಿಂದ ದೋಣಿಗೆ ಇಳಿಯುವಾಗ ಇಬ್ಬರು ಸಿಬ್ಬಂದಿ ಅವ್ವನನ್ನು ಎತ್ತಿ ಆಚೆ ಇಟ್ಟರು. ದೋಣಿ ದಂಡೆ ಮುಟ್ಟುವವರೆಗೂ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಬೆಳಿಗ್ಗೆ ಹೊಟ್ಟೆ ತುಂಬ ತಿಂದು ಇಳಿಯಿರಿ, ದೋಣಿಯ ಸರದಿಗೆ ಎಷ್ಟು ಹೊತ್ತು ಕಾಯಬೇಕು ಹೇಳಲಾಗದು. ನಾವು ಎರಡು ತಾಸು ಕಾದೆವು.

ಆ ನೀರಿನ ಬಣ್ಣದ ಬಗ್ಗೆ ಬರೆಯಲಾರೆ, ಎಲ್ಲರೂ ಬರೆದಿದ್ದಾರೆ. ದಂಡೆಯಲ್ಲಿ ಹೆಂಗಸರು ಮೇಜು ಹಾಕಿ ಮಾರುತ್ತಿದ್ದರು: ಎಳನೀರು, ಟ್ಯೂನಾ ಮೀನಿನ ಬಜ್ಜಿ, ಒಣಗಿಸಿದ ಟ್ಯೂನಾ ಅಂದರೆ ಮಾಸ್ ಮೀನು, ಒಣ ಎಲೆಯಲ್ಲಿ ಸುತ್ತಿದ ತೆಂಗು-ಬೆಲ್ಲದ ಹಲ್ವಾ. ನಾವು ಮೀನು ಮುಟ್ಟುವವರಲ್ಲ, ಆದರೆ ಮಾಸ್ ಮೀನಿನ ತುಂಡು ಕೈಗೆ ತೆಗೆದುಕೊಂಡು ನೋಡಿದೆ. ಕಟ್ಟಿಗೆಯ ಹಾಗೆ ಗಟ್ಟಿ, ಮೇಲೆ ಹೊಗೆಯ ಕಪ್ಪು. ಬೇಯಿಸಿ, ಹೊಗೆ ಕೊಟ್ಟು, ಬಿಸಿಲಿಗೆ ಒಣಗಿಸಿದರೆ ತಿಂಗಳುಗಟ್ಟಲೆ ಇರುತ್ತದಂತೆ. ನಮ್ಮ ಕಟಿ ರೊಟ್ಟಿಯ ಬುದ್ಧಿಯೇ ಅದೂ. ಹಲ್ವಾ ಅವ್ವನಿಗೆ ಒಪ್ಪಿಗೆಯಾಯಿತು. ಬಾಯಲ್ಲಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೂರಣ ಹದಕ್ಕ ಬಂದೈತಿ, ಹೋಳಿಗಿ ಮಾಡೂದು ಮರತಾರ" ಅಂದಳು. ನಾಲ್ಕು ಪೊಟ್ಟಣ ತೆಗೆದುಕೊಂಡಳು.

ಲಕ್ಷದ್ವೀಪದಲ್ಲಿ 36 ದ್ವೀಪಗಳು, ಜನ ಇರುವುದು 10ರಲ್ಲಿ. ಎಲ್ಲ ಸೇರಿ 32 ಚದರ ಕಿ.ಮೀ. ನಮ್ಮ ತಾಲೂಕಿನ ಒಂದು ಮೂಲೆಯೂ ಅಲ್ಲ. ಹವಳದ ಮರಳಿನಲ್ಲಿ ತೆಂಗು ಬೆಳೆಯುತ್ತದೆ, ಭತ್ತ ಬೆಳೆಯುವುದಿಲ್ಲ. ಅಕ್ಕಿ ಹಡಗಿನಲ್ಲೇ ಬರಬೇಕು. ಈ ಮಾತು ಕೇಳಿದ ಮೇಲೆ ನನಗೆ ದ್ವೀಪ ಬೇರೆಯೇ ಕಾಣತೊಡಗಿತು. ಉತ್ತರದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು ಟಿಪ್ಪುವಿನ ಕೈಯಲ್ಲಿದ್ದು ಆಮೇಲೆ ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿಯವರು ತೆಂಗಿನ ನಾರಿನ ಹುರಿ ತಂದು ಮಂಗಳೂರಿನಲ್ಲಿ ಸರ್ಕಾರಕ್ಕೆ ಕೊಡುವುದು, ಬದಲಿಗೆ ಅಕ್ಕಿ ಒಯ್ಯುವುದು. 1956ರಲ್ಲಿ ಕೇಂದ್ರಾಡಳಿತ ಪ್ರದೇಶ ಆಗುವವರೆಗೂ ಆ ದ್ವೀಪಗಳ ನಂಟು ಮಂಗಳೂರಿನೊಂದಿಗೇ. ಅಗತ್ತಿ ಮಾತ್ರ ಕಣ್ಣೂರಿನ ಕಡೆಯದು. ಹುರಿ ತೂಗಿ ಅಕ್ಕಿ ಅಳೆದ ಆ ಕಾಲದ ಗುಮಾಸ್ತರ ಲೆಕ್ಕದ ಪುಸ್ತಕ ಎಲ್ಲಾದರೂ ಇದ್ದರೆ ನೋಡಬೇಕು ಅನ್ನಿಸಿತು. ತೂಕದಲ್ಲಿ ಯಾರು ಎಷ್ಟು ಹೊಡೆದರು ಅಂತ ಎರಡು ಪುಟ ನೋಡಿದರೆ ಹೇಳಬಲ್ಲೆ.

ಸಂಜೆ ಹಡಗಿಗೆ ಬಂದಾಗ ಬಫೆಯಲ್ಲಿ ಮತ್ತೆ ಮೊದಲ ದಿನದ ಸಂತೆ. ಒಂದು ತಾಸು ಮಲಗಿದೆವು, ಆಮೇಲೆ ನಮ್ಮ ಮೇಜಿಗೆ ಹೋದೆವು.

ನಾಲ್ಕನೇ ದಿನ

ಮತ್ತೆ ಬರೀ ನೀರು. ಈಗ ಹಡಗು ರೂಢಿಯಾಗಿತ್ತು, ನನ್ನ ಹೆಂಡತಿ ಎರಡನೇ ಚಹಾಕ್ಕೆ ಯಾವ ಕಟ್ಟೆ ಒಳ್ಳೆಯದು ಅಂತ ಬೇರೆಯವರಿಗೆ ಹೇಳುವ ಮಟ್ಟಕ್ಕೆ ಬಂದಿದ್ದಳು.

ಮಗಳು ಮಧ್ಯಾಹ್ನ ಬೇರೆ ದುಡ್ಡಿನ ಚೈನೀಸ್ ಹೋಟೆಲಿಗೆ ಕರೆದುಕೊಂಡು ಹೋದಳು. ಹಡಗಿನಲ್ಲಿ ಇಂಥವು ಒಂದೆರಡು ಇರುತ್ತವೆ, ಟಿಕೆಟ್ಟಿನಲ್ಲಿ ಸೇರಿರುವುದಿಲ್ಲ. ನನ್ನ ಲೆಕ್ಕದಲ್ಲಿ ಅದು ನಷ್ಟದ ಬಾಬ್ತು. ಶಾಂತವಾಗಿ ಕೂರಬಹುದು, ಅಷ್ಟೇ, ಆ ಶಾಂತಿ ಕೆಳಗಿನ ಹಾಲಿನಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಅಲ್ಲಿ ಒಂದು ಪಾಠವಾಯಿತು. ತರಕಾರಿ ನೂಡಲ್ಸ್ ಹೇಳಿದ್ದೆವು. ಮಗಳು ಸುಮ್ಮನೆ ಸಾಸ್ ಯಾವುದು ಅಂತ ಕೇಳಿದ್ದಕ್ಕೆ, ಅಡುಗೆಯವನು ಬಂದು, ಶುದ್ಧ ಸಸ್ಯಾಹಾರಿಗಳಾದರೆ ಬೇರೆ ಮಾಡಿಕೊಡ್ತೀನಿ, ಮಾಮೂಲಿಗೆ ಆಯ್‌ಸ್ಟರ್ ಸಾಸ್ ಹಾಕ್ತೇವೆ ಅಂದ. ಆಯ್‌ಸ್ಟರ್ ಅಂದರೆ ಸಿಂಪಿ.

ತರಕಾರಿ ಇದ್ದದ್ದೆಲ್ಲ ಶಾಕಾಹಾರ ಅಲ್ಲ. ಸೂಪಿಗೆ ಕೋಳಿ ಬೇಯಿಸಿದ ನೀರು ಹಾಕಿರಬಹುದು. ಅಲುಗಾಡುವ ಪುಡ್ಡಿಂಗಿನಲ್ಲಿ ಜೆಲಾಟಿನ್ ಇರಬಹುದು, ಅದು ದನ ಹಂದಿಗಳ ಎಲುಬು ಚರ್ಮದಿಂದ ತೆಗೆದದ್ದು. ವೂಸ್ಟರ್ ಸಾಸಿನಲ್ಲಿ ಸಾಮಾನ್ಯವಾಗಿ ಸಣ್ಣ ಮೀನು ಇರುತ್ತದೆ. ಬಾಯಿಬಿಟ್ಟು ಕೇಳಿದರೆ ಯಾರೂ ಮುಚ್ಚಿಡುವುದಿಲ್ಲ, ಕೇಳದಿದ್ದರೆ ಯಾರೂ ತಾವಾಗಿ ಹೇಳುವುದೂ ಇಲ್ಲ. ಗೊಂದಲವಾದರೆ ಜೈನರ ಕೌಂಟರಿಗೆ ಹೋಗಿ. ಉಳ್ಳಾಗಡ್ಡಿ ಬೆಳ್ಳುಳ್ಳಿ ಇಲ್ಲದ್ದು ನಮ್ಮ ನಾಲಿಗೆಗೆ ಸಪ್ಪೆ, ಆದರೆ ಸಂಶಯವಿಲ್ಲದ ಊಟ, ಸಾಲೂ ಸಣ್ಣದು. ನಮ್ಮ ಬಳಿ ಗುರೆಳ್ಳು ಪುಡಿ ಇತ್ತಲ್ಲ, ಸಪ್ಪೆಯ ಚಿಂತೆ ಇರಲಿಲ್ಲ.

ಬಿಲ್ಲಿನ ಮಾತು. ಹಡಗಿನಲ್ಲಿ ನಗದು ನಡೆಯದು, ಕೋಣೆಯ ಕಾರ್ಡನ್ನೇ ಎಲ್ಲ ಕಡೆ ತೋರಿಸುವುದು. ತೋರಿಸುವಾಗ ದುಡ್ಡು ಹೋದ ನೋವು ಗೊತ್ತಾಗುವುದಿಲ್ಲ. ಬಣ್ಣಬಣ್ಣದ ಗ್ಲಾಸಿನಲ್ಲಿ ಛತ್ರಿ ಸಿಕ್ಕಿಸಿ ಕೊಡುವ ಶರಬತ್ತು, ಬಾಟಲಿಯ ತಂಪು ಪಾನೀಯ, ಇವೆಲ್ಲ ಲೆಕ್ಕಕ್ಕೆ ಏರುತ್ತವೆ. ನಾನು ದಿನಾ ರಾತ್ರಿ ಕೌಂಟರಿಗೆ ಹೋಗಿ ಅಂದಿನ ಲೆಕ್ಕ ತೆಗೆಸುತ್ತಿದ್ದೆ. ಮೂರನೇ ದಿನ ನಾವು ದ್ವೀಪದಲ್ಲಿದ್ದ ಹೊತ್ತಿಗೆ ಎರಡು ಶರಬತ್ತು ನಮ್ಮ ಹೆಸರಿಗೆ ಬಿದ್ದಿದ್ದವು. ತೋರಿಸಿದೆ, ತೆಗೆದರು. ಕೊನೆಯ ಬೆಳಿಗ್ಗೆ ಕೌಂಟರಿನ ಮುಂದೆ ನೂರು ಜನ ನಿಂತಿರುವಾಗ ಇದನ್ನು ಹೇಳಿ ನೋಡಿ!

ರಾತ್ರಿ ಕೊನೆಯ ಊಟ. ಬಂಗಾಳದ ಹುಡುಗ ಏನೂ ಕೇಳದೆ ಅವ್ವನ ಮುಂದೆ ಒಂದು ಮುಚ್ಚಿದ ಬಟ್ಟಲು ಇಟ್ಟ. ಮುಚ್ಚಳ ತೆಗೆದರೆ ಮೊಸರನ್ನ. ಮೊದಲೇ ಕಲಿಸಿದ್ದು, ಅನ್ನ ಮೆತ್ತಗೆ ಮಸೆದದ್ದು, ಮೇಲೆ ಸಾಸಿವೆ ಕರಿಬೇವಿನ ಒಗ್ಗರಣೆ. ಅಡುಗೆಮನೆಯಲ್ಲಿ ತಮಿಳುನಾಡಿನ ಒಬ್ಬರಿದ್ದಾರೆ, ಹಿಂದಿನ ದಿನವೇ ಹೇಳಿಟ್ಟಿದ್ದೆ ಅಂದ. ಅವ್ವ ಒಂದು ತುತ್ತು ಬಾಯಿಗಿಟ್ಟಳು. ಉಪ್ಪು ಕಡಿಮೆ ಅಂತ ಅವಳ ಮುಖ ನೋಡಿದರೇ ನನಗೆ ಗೊತ್ತಾಯಿತು. ಆದರೆ ಹೇಳಲಿಲ್ಲ, ಬಟ್ಟಲು ಪೂರ್ತಿ ಖಾಲಿ ಮಾಡಿದಳು. ಆಮೇಲೆ ಡಬ್ಬಿಯಲ್ಲಿ ಉಳಿದ ಶೇಂಗಾ ಚಟ್ನಿಯಲ್ಲಿ ಅರ್ಧ, ಮೇಜಿನ ಕಾಗದದ ವಸ್ತ್ರದಲ್ಲಿ ಪೊಟ್ಟಣ ಕಟ್ಟಿ ಅವನ ಕೈಗಿಟ್ಟಳು. "ಅನ್ನಕ್ಕ ಹಾಕ್ಕಂಡು ಉಣ್ಣು. ಮೀನಿಗೆ ಬ್ಯಾಡ."

ನಾನು ಕೊನೆಯ ಮಾತು ಬಿಟ್ಟು ಉಳಿದದ್ದನ್ನು ಹೇಳಿದೆ. ಬಕ್ಷೀಸನ್ನೂ ಬೇರೆಯಾಗಿ ಅವನ ಕೈಗೇ ಕೊಟ್ಟೆವು.

ಐದನೇ ದಿನ

ಇಳಿಯುವ ದಿನ ದೊಡ್ಡ ಬ್ಯಾಗುಗಳನ್ನು ಹಿಂದಿನ ರಾತ್ರಿಯೇ ಕೋಣೆಯ ಹೊರಗೆ ಇಡಬೇಕು. ಬೆಳಗಿನ ತಿಂಡಿ ಬೇಗ ಮುಗಿಸುತ್ತಾರೆ, ಏಳಕ್ಕೆ ಮೊದಲೇ ಹೋಗಿ. ನಾವು ಆರಕ್ಕೇ ಡೆಕ್ಕಿಗೆ ಹೋಗಿ ಕೊನೆಯ ಬಿಸಿ ಬನ್ ತಿಂದೆವು. ಮುಂಬೈ ಹೊಗೆಯೊಳಗೆ ಕಟ್ಟಡ ಕಟ್ಟಡವಾಗಿ ಎದ್ದು ಬಂತು.

ಟರ್ಮಿನಲ್ಲಿನಲ್ಲಿ ಚೀಟಿ ತೋರಿಸಿದೆ. ಇಸ್ತ್ರಿ ಪೆಟ್ಟಿಗೆಗಳ ನಡುವಿನಿಂದ ನಮ್ಮಪ್ಪನ ಧೋತರದ ಗಂಟು ಬಂತು, ನಂಬರಿನ ಚೀಟಿ ಸಮೇತ. ಅವ್ವ ಅದನ್ನು ಎದೆಗವಚಿಕೊಂಡು ಟ್ಯಾಕ್ಸಿ ಹತ್ತಿದಳು. ರಾಯಚೂರಿನ ಮೇಲೆ ಹೋಗುವ ಚೆನ್ನೈ ಕಡೆಯ ರೈಲು ರಾತ್ರಿಗೆ ಇತ್ತು, ಸಿಎಸ್‌ಎಂಟಿಯ ಕಾಯುವ ಕೋಣೆಯಲ್ಲಿ ಮೂಲೆ ಹಿಡಿದೆವು.

ಮಧ್ಯಾಹ್ನ ಅವ್ವ ಪೇಪರ್ ಹಾಸಿ ಗಂಟು ಬಿಚ್ಚಿದಳು. ಒಂದು ರೊಟ್ಟಿ ಮುರಿದಳು, ಕಟ್ ಅಂತ ಸದ್ದಾಯಿತು. ಒಂದು ವಾರದ ಮೇಲಾಗಿದ್ದರೂ ಮೆತ್ತಗಾಗಿರಲಿಲ್ಲ, ಎಳ್ಳು ಒಂದೂ ಉದುರಿರಲಿಲ್ಲ. ನಮಗೆಲ್ಲ ನೀಡಿ, ಉಳಿದದ್ದನ್ನು ಮತ್ತೆ ಕಟ್ಟುವ ಮೊದಲು ಎಣಿಸಿದಳು. ಇನ್ನೊಮ್ಮೆ ಎಣಿಸಿದಳು.

"ಮೂರು ಕಮ್ಮಿ ಅದಾವ."

"ತಪಾಸಣಿ ಹುಡುಗರು ತಿಂದಿರಬೇಕು ಬಿಡವ್ವ" ಅಂದೆ.

ಅವ್ವ ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. ಅವಳು ಖಾಲಿಯಾಗುತ್ತ ಬಂದ ಡಬ್ಬಿಯನ್ನೇ ಸ್ವಲ್ಪ ಹೊತ್ತು ನೋಡಿದಳು.

"ಚಟ್ನಿ ಇಲ್ದ ಹೆಂಗ ತಿಂದಾರೋ ಏನೋ."